ಹಳೆಯ ರಿವಾಲ್ವರ್ ಕೊಳ್ಳುವ ಮುನ್ನ 45 ದಿನದ ಲೆಕ್ಕ

ದುಡ್ಡು ಎಣಿಸಿಕೊಟ್ಟು, ರಿವಾಲ್ವರ್ ಮನೆಗೆ ತಂದಿಟ್ಟು, ‘ಕಾಗದಪತ್ರ ಆಮೇಲೆ ಮಾಡಿಸೋಣ’ ಎನ್ನುವವರೇ ಹೆಚ್ಚು. ಸೆಕೆಂಡ್‌ಹ್ಯಾಂಡ್ ಬೈಕಿನಲ್ಲಿ ನಡೆದುಹೋಗುವ ಈ ಅಭ್ಯಾಸ ಇಲ್ಲಿ ಜೈಲಿಗೆ ದಾರಿ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 2ರಿಂದ 5 ವರ್ಷ ಜೈಲುಶಿಕ್ಷೆ. ಮಾರಿದವರ ಬಳಿ ಲೈಸೆನ್ಸ್ ಇತ್ತು ಎಂಬುದು ನಿಮ್ಮನ್ನು ಕಾಪಾಡುವುದಿಲ್ಲ.

ಮೊದಲು ನಿಮ್ಮ ಲೈಸೆನ್ಸ್. ವಯಸ್ಸು 21 ತುಂಬಿರಬೇಕು. ಅರ್ಜಿ ನಮೂನೆ ಎ-1. ಜಿಲ್ಲೆಗಳಲ್ಲಿ ಡಿಸಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್‌ಗೆ. ಕಡತ ನಿಮ್ಮ ವ್ಯಾಪ್ತಿಯ ಠಾಣೆಗೆ ಹೋಗಿ, ಹಿನ್ನೆಲೆ ಪರಿಶೀಲನೆಯ ವರದಿಯೊಂದಿಗೆ ವಾಪಸ್ ಬರುತ್ತದೆ. ಅನೇಕರು ಮರೆಯುವುದು ಮುಚ್ಚಳಿಕೆಯ ವಿಷಯ. ಜಮೀನಿನ ಗಲಾಟೆಯಲ್ಲಿ ಶಾಂತಿ ಕಾಪಾಡುತ್ತೇನೆಂದು ಬರೆದುಕೊಟ್ಟಿದ್ದರೆ, ಅದರ ಅವಧಿ ಮುಗಿಯುವವರೆಗೆ ನೀವು ಬಂದೂಕು ಕೊಳ್ಳುವಂತಿಲ್ಲ. ಹಿಂಸೆಯ ಅಪರಾಧಕ್ಕೆ ಜೈಲುಶಿಕ್ಷೆ ಆಗಿದ್ದರೆ, ಅದು ಮುಗಿದ ಮೇಲೂ 5 ವರ್ಷ ನಿರ್ಬಂಧ. ಇಂಥದ್ದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಠಾಣೆಯ ದಾಖಲೆಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಸಾಮಾನ್ಯ ಲೈಸೆನ್ಸ್‌ನಲ್ಲಿ ಈಗಾಗಲೇ ಎರಡು ಬಂದೂಕು ಇದ್ದರೆ ಮೂರನೆಯದಕ್ಕೆ ಅವಕಾಶವಿಲ್ಲ.

ಬಂದೂಕು ನೋಡುವುದು. .32 ಬೋರ್ (ನಳಿಗೆಯ ಒಳ ಅಳತೆ) ಆಗಿರಲಿ. 9 ಎಂಎಂ ಸಾಮಾನ್ಯ ಲೈಸೆನ್ಸ್‌ಗೆ ಬರುವುದಿಲ್ಲ. ಮಾರುವವರ ಲೈಸೆನ್ಸ್‌ನ ಮೂಲ ಪ್ರತಿಯನ್ನೇ ಕೇಳಿ, ಯುಐಎನ್ (ಲೈಸೆನ್ಸ್‌ನ ವಿಶಿಷ್ಟ ಗುರುತಿನ ಸಂಖ್ಯೆ) ಮತ್ತು ನವೀಕರಣದ ದಿನಾಂಕ ನೋಡಿ. ಆಮೇಲೆ ಬೆಳಕಿಗೆ ಹಿಡಿದು ಫ್ರೇಮ್ ಮೇಲಿನ ನಂಬರನ್ನು ಒಂದೊಂದೇ ಅಂಕಿಯಾಗಿ ಲೈಸೆನ್ಸ್‌ನೊಂದಿಗೆ ತಾಳೆ ಹಾಕಿ. ಅಂಕಿಯ ಸುತ್ತ ಉಕ್ಕು ತಗ್ಗಾಗಿದ್ದರೆ, ಅಲ್ಲಿ ಮಾತ್ರ ಬಣ್ಣ ಹೊಸದಾಗಿದ್ದರೆ, ಎದ್ದು ಬನ್ನಿ. ಉಜ್ಜಿದ ನಂಬರಿನ ಬಂದೂಕು ಯಾರ ಕೈಯಲ್ಲಿ ಸಿಗುತ್ತದೋ ಅವರೇ ಉಜ್ಜಿದರೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು. ವೆಬ್ಲಿಯಂಥ ಹಳೆಯ ವಿದೇಶಿ ಕಂಪನಿಯ ರಿವಾಲ್ವರ್‌ಗೆ ಹೆಚ್ಚು ಬೆಲೆ ಕೇಳುವವರಿದ್ದಾರೆ. ಹೆಸರಿಗೆ ಮರುಳಾಗದೆ, ಸಿಲಿಂಡರ್ ಅಲುಗಾಟವನ್ನೂ ನಳಿಗೆಯೊಳಗಿನ ತುಕ್ಕಿನ ಗುಳಿಗಳನ್ನೂ ರಿಪೇರಿ ಬಲ್ಲವರಿಂದ ನೋಡಿಸಿ.

ತೀರಿಹೋದವರ ರಿವಾಲ್ವರನ್ನು ಮನೆಯವರು ಬೀರುವಿನಿಂದ ತೆಗೆದು ಮಾರಲು ಬಂದರೆ ಮುಟ್ಟಬೇಡಿ. ಅವರು ಅದನ್ನು ಮೊದಲು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಬೇಕು. ಮಾರಾಟ ಅಲ್ಲಿಂದಲೇ ಆಗಲಿ.

ಎಡವುವುದು ಇಲ್ಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ, ಖಾಸಗಿಯಾಗಿ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಪತ್ರದಲ್ಲಿ ಕೊಳ್ಳುವವರ ಹೆಸರು, ವಿಳಾಸ ಇರಲೇಬೇಕು. ಬಂದೂಕಿನ ತಯಾರಿಕೆ, ಬೋರ್, ನಂಬರ್, ಇಬ್ಬರ ಲೈಸೆನ್ಸ್ ವಿವರವನ್ನೂ ಸೇರಿಸಿಬಿಡಿ. ಪತ್ರ ಕೊಟ್ಟ ಮೇಲೆ 45 ದಿನ ಕಳೆಯುವವರೆಗೆ ಬಂದೂಕು ಕೈ ಬದಲಾಗುವಂತಿಲ್ಲ. ಲೆಕ್ಕ ಶುರುವಾಗುವುದು ನೀವಿಬ್ಬರು ಮಾತಾಡಿಕೊಂಡ ದಿನದಿಂದಲ್ಲ, ಪತ್ರ ತಲುಪಿದ ದಿನದಿಂದ. ಆದ್ದರಿಂದ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ, ಅದರ ನಕಲು ನಿಮ್ಮ ಬಳಿಯೂ ಇರಲಿ. ‘ಪಿಎಸ್‌ಐ ಸಾಹೇಬರಿಗೆ ಫೋನಲ್ಲಿ ಹೇಳಿದ್ದೇನೆ’ ಎಂಬ ಮಾತಿಗೆ ಬೆಲೆಯಿಲ್ಲ. ಕೊಳ್ಳುವವರು ಬದಲಾದರೆ ಹೊಸ ಪತ್ರ ಕೊಟ್ಟು ಮತ್ತೆ 45 ದಿನ ಕಾಯಬೇಕು. ಲೈಸೆನ್ಸ್ ಕಚೇರಿ ಪ್ರತ್ಯೇಕ ಅನುಮತಿ ಕೇಳಿದರೆ ಅದನ್ನೂ ಪಡೆಯಿರಿ. 45 ದಿನ ಕಳೆಯಿತೆಂದು ಅದನ್ನು ಬಿಡಬೇಡಿ.

ಡೀಲರ್ ಮೂಲಕವೇ ಕೊಳ್ಳುವುದು ಒಳ್ಳೆಯದು, ಕಮಿಷನ್ ಹೋದರೂ ಸರಿ. ಆದರೆ ಅದು ಅವರದೇ ಸ್ಟಾಕೋ, ಯಾರದೋ ಠೇವಣಿಯೋ ಎಂದು ಕೇಳಿ. ಠೇವಣಿಯಾದರೆ ಮಾಲೀಕರ ಪತ್ರವನ್ನೂ ನೋಡಿ.

ಕೊಡಗಿನ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ 2029ರವರೆಗೆ ವಿನಾಯಿತಿ ಇದೆ. ಅದು ಅವರಿಗೆ ಮಾತ್ರ. ಅವರಿಂದ ಕೊಳ್ಳುವ ಹೊರಗಿನವರಿಗೆ ಲೈಸೆನ್ಸ್ ಬೇಕೇ ಬೇಕು.

ಕೊನೆಗೆ ಹಸ್ತಾಂತರ. ರಸೀದಿಯಲ್ಲಿ ಬಂದೂಕಿನ ನಂಬರ್, ಬೆಲೆ, ಗುಂಡುಗಳ ಸಂಖ್ಯೆ ಬರೆಸಿ. ನಿಮ್ಮ ಲೈಸೆನ್ಸ್‌ನಲ್ಲಿ ಬಂದೂಕು ನಮೂದಾಗುವುದರ ಜತೆಗೇ ಮಾರಿದವರ ಲೈಸೆನ್ಸ್‌ನಿಂದ ಅದು ತೆಗೆದುಹೋಗಬೇಕು. ತೆಗೆದ ಪುಟದ ಫೋಟೋ ಇಟ್ಟುಕೊಳ್ಳಿ. ಜತೆಗೆ ಸಿಗುವ ಹಳೆಯ ಗುಂಡು ಹಸಿರುಗಟ್ಟಿದ್ದರೆ ಹಾರಿಸಬೇಡಿ; ಅವನ್ನು ಡೀಲರ್‌ಗೆ ಲೆಕ್ಕ ಕೊಟ್ಟು ಒಪ್ಪಿಸಿ, ಹೊಸದನ್ನು ಬಿಲ್ ಸಮೇತ ಕೊಳ್ಳಿ.