ಗಲ್ಲಿಗೇರಿದವರ ಹೆಸರು ಬರೆದಿಡುವ ಕೆಲಸ

ಇರಾನಿನಲ್ಲಿ ಗಲ್ಲಿಗೇರಿಸಿದವರ ಪಟ್ಟಿ ಮಾಡುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ಅಲ್ಲಿನ ಸರ್ಕಾರ ಬಹುಪಾಲು ಗಲ್ಲುಗಳ ವಿಷಯ ಹೊರಗೆ ಹೇಳುವುದೇ ಇಲ್ಲ. ಕುರ್ದರು, ಬಲೂಚರು ಅಲ್ಲಿನ ಅಲ್ಪಸಂಖ್ಯಾತ ಜನಾಂಗಗಳು. ಕುರ್ದರ ಸುದ್ದಿ ಹೆಂಗಾವ್ ಎಂಬ ಮಾನವ ಹಕ್ಕು ಸಂಸ್ಥೆಯಿಂದ ಬರುತ್ತದೆ, ಬಲೂಚರದ್ದು ಅಂಥದೇ ಇನ್ನೊಂದು ಸಂಸ್ಥೆ ಹಾಲ್‌ವಶ್‌ನಿಂದ.

ಖೈದಿಯನ್ನು ಒಂಟಿ ಕೋಣೆಗೆ ಹಾಕಿದ್ದಾರೆ ಅಂದರೆ ನನಗೆ ಆತಂಕ ಶುರು. ಗಲ್ಲಿಗೆ ಮುಂಚೆ ಸಾಮಾನ್ಯವಾಗಿ ಹಾಗೆ ಮಾಡುತ್ತಾರೆ. ಗಲ್ಲು ಆಗುವುದು ನಸುಕಿನಲ್ಲಿ. ಆಮೇಲೆ ಹೆಸರು, ಊರು, ಜೈಲು, ಆರೋಪ ಎಲ್ಲ ಬರೆದುಕೊಳ್ಳುತ್ತೇನೆ. ತಂದೆಯ ಹೆಸರು ಬೇಕೇ ಬೇಕು. ಬಲೂಚರಲ್ಲಿ ಎಷ್ಟೋ ಜನರಿಗೆ ಗುರುತಿನ ದಾಖಲೆಯೇ ಇಲ್ಲ, ಒಬ್ಬನೇ ಮನುಷ್ಯ ಎರಡು ಹೆಸರಲ್ಲಿ ಕಾಣಿಸಬಹುದು. ಎರಡು ಕಡೆ ಬಂತು ಅಂತ ಸುಮ್ನೆ ನಂಬುವುದೂ ಇಲ್ಲ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದಿರಬಹುದು, ಅಲ್ವಾ? ತಾರೀಖನ್ನೂ ಹೊಂದಿಸಬೇಕು. ಇರಾನಿನ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತದೆ. ಅವರ 1389ರ ಓರ್ದಿಬೆಹೆಶ್ತ್ 19 ಅಂದರೆ 2010ರ ಮೇ 9.

ಅವತ್ತು ಟೆಹರಾನಿನ ಎವಿನ್ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ನಾಲ್ವರು ಕುರ್ದರು. ಅವರಲ್ಲಿ ಫರ್ಜಾದ್ ಕಮಾಂಗರ್ ಶಾಲೆಯ ಮೇಷ್ಟ್ರು. ಆರೋಪ ಮೊಹಾರೆಬೆ, ಅಂದರೆ ದೇವರ ವಿರುದ್ಧ ಹಗೆ ಸಾಧಿಸಿದ್ದು. ವಿಚಾರಣೆ ಕೆಲವೇ ನಿಮಿಷದಲ್ಲಿ ಮುಗಿಯಿತು ಎಂದರು ಕಮಾಂಗರ್ ಅವರ ವಕೀಲರು. ಐವರಲ್ಲಿ ಇನ್ನೊಬ್ಬರಾದ ಶಿರಿನ್ ಆಲಮ್‌ಹೋಲಿಗೆ ಪರ್ಷಿಯನ್ ಬರುತ್ತಿರಲಿಲ್ಲ. ಆದರೂ ತನ್ನನ್ನು ಪ್ರಶ್ನಿಸಿದ್ದು ಅದೇ ಭಾಷೆಯಲ್ಲಿ, ಅದನ್ನು ಕಲಿತದ್ದು ಜೈಲಿನ ಗೆಳತಿಯರಿಂದ ಅಂತ ಆಕೆ ಪತ್ರದಲ್ಲಿ ಬರೆದಿದ್ದರು. ಗಲ್ಲಿನ ವಿಷಯ ಮನೆಯವರಿಗೂ ವಕೀಲರಿಗೂ ಮೊದಲೇ ತಿಳಿಸಲಿಲ್ಲ. ಹೆಣವನ್ನೂ ಕೊಡಲಿಲ್ಲ. ಕೆಲವೇ ದಿನದಲ್ಲಿ ಕುರ್ದರ ಊರುಗಳಾದ ಸನಂದಜ್, ಮಹಾಬಾದ್, ಕಾಮ್ಯಾರಾನ್‌ಗಳಲ್ಲಿ ಜನ ಅಂಗಡಿ ಮುಚ್ಚಿ ಪ್ರತಿಭಟಿಸಿದರು.

ಪಟ್ಟಿಯಲ್ಲಿ ನಾನು ಹಟ ಹಿಡಿದು ತುಂಬಿಸುವುದು ಜನಾಂಗದ ಕಾಲಂ. ಸತ್ತ ಮೇಲೆ ಎಲ್ಲರೂ ಒಂದೇ ಅಲ್ಲವಾ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅಮ್ನೆಸ್ಟಿ ಇಂಟರ್‌ನ್ಯಾಷನಲ್ 2023ರಲ್ಲಿ ಇರಾನಿನಲ್ಲಿ 853 ಗಲ್ಲುಗಳನ್ನು ದಾಖಲಿಸಿತು. ಅದರಲ್ಲಿ ಬಲೂಚರು ಶೇ. 20. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಶೇ. 5. ಈ ಕಾಲಂ ಖಾಲಿ ಬಿಟ್ಟರೆ ಆ ಅನ್ಯಾಯ ಕಣ್ಣಿಗೇ ಬೀಳುವುದಿಲ್ಲ. ರಾಜಕೀಯ ಖೈದಿಗಳ ಸುದ್ದಿಯಾದರೂ ಒಂದಿಷ್ಟು ಜನಕ್ಕೆ ಮುಟ್ಟುತ್ತದೆ. ಮಾದಕ ವಸ್ತು ಸಾಗಿಸಿದ ಎಂದು ಬಲೂಚರ ಸೀಮೆಯ ಜಾಹೆದಾನ್‌ನಲ್ಲಿ ಗಲ್ಲಾದ ಬಡ ಬಲೂಚನನ್ನು ಕೇಳುವವರು ಯಾರು? ಅಂಥವರ ಸಾಲುಗಳಿಗೇ ನಾನು ಜಾಸ್ತಿ ಸಮಯ ಕೊಡುತ್ತೇನೆ. ಸುದ್ದಿ ಕೊಟ್ಟ ಮನೆಯವರ ಹೆಸರನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ. ಅವರು ಅಲ್ಲೇ ಬದುಕಬೇಕು.

ಇನ್ನೊಂದು ಪಟ್ಟಿ ಮರಣದಂಡನೆಯ ತೀರ್ಪು ಬಂದವರದ್ದು. ಕುರ್ದ್ ಸಮಾಜ ಕಾರ್ಯಕರ್ತೆ ಪಖ್ಶಾನ್ ಅಜೀಜಿಯ ಹೆಸರು 2024ರ ಜುಲೈನಲ್ಲಿ ಅದಕ್ಕೆ ಸೇರಿತು. ಸಿರಿಯಾದಲ್ಲಿ ಯುದ್ಧದಿಂದ ನೆಲೆ ಕಳೆದುಕೊಂಡವರ ನಡುವೆ ಕೆಲಸ ಮಾಡಿದ ಹೆಣ್ಣುಮಗಳು ಆಕೆ. ಇಂಥ ಹೆಸರು ಬಂದ ದಿನವೇ ಇರಾನಿನ ನ್ಯಾಯಾಂಗದ ಮುಖ್ಯಸ್ಥರಿಗೆ ಪತ್ರ ಬರೆದು ಕಳಿಸುತ್ತೇನೆ, ಪರಿಚಯದವರ ಕೈಲೂ ಬರೆಸುತ್ತೇನೆ.