ಅವ್ವ ಬಿಟ್ಟುಹೋದ ಅರ್ಧ ತೋಳು

ಅವ್ವ ಹೋದ ಮ್ಯಾಲ ಧಾರವಾಡದ ಮನಿ ಖಾಲಿ ಮಾಡುವಾಗ ಟ್ರಂಕಿನ್ಯಾಗ ಒಂದು ಸ್ವೆಟರ್ ಸಿಕ್ತು. ಹಿಂದು ಮುಂದು ಎರಡೂ ಮುಗದಿತ್ತು, ಒಂದು ತೋಳೂ ಆಗಿತ್ತು, ಎರಡನೇ ತೋಳು ಅರ್ಧಕ್ಕ ನಿಂತು ಕುಣಿಕಿ ಎಲ್ಲಾ ಇನ್ನೂ ಕಡ್ಡಿ ಮ್ಯಾಲನ ಇದ್ದುವು. ನನ್ನ ಮಗಗ ಅಂತ ಶುರು ಮಾಡಿದ್ಲು. ಪುಣೆಕ್ಕ ವಾಪಸ್ ಬರುವಾಗ ಕಡ್ಡಿಯ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬಸ್ಸಿನ್ಯಾಗ ಅದನ್ನ ತೊಡಿಮ್ಯಾಲ ಇಟ್ಕೊಂಡು ಬಂದೆ, ಒಂದು ಕುಣಿಕಿನೂ ಜಾರಬಾರದು ಅಂತ.

ನನಗ ಆವಾಗ ಹೆಣಿಯೋದು ಬರ್ತಿದ್ದಿಲ್ಲ. ನಮ್ಮ ಬಿಲ್ಡಿಂಗಿನ ಎರಡನೇ ಮಾಳಗಿ ಕಾಕೂ ಕಲಿಸಿದ್ರು, ಒಂದು ಸುಲಟ ಟಾಕಾ, ಅಂದ್ರ ಸೀದಾ ಕುಣಿಕಿ, ಒಂದು ಉಲಟ ಟಾಕಾ, ಅಂದ್ರ ಉಲ್ಟಾ ಕುಣಿಕಿ, ಉಳದದ್ದೆಲ್ಲಾ ಇವೆರಡರಾಗ ಬರ್ತದ ನೋಡು ಅಂದ್ರು. ಆ ದಿನಗಳೊಳಗ ರಾತ್ರಿ ಮೂರಕ್ಕ ಎಚ್ಚರ ಆಗ್ತಿತ್ತು, ಆಮ್ಯಾಲ ನಿದ್ದಿ ಇಲ್ಲ, ಅವ್ವ ಕೊನೇ ಸಲ ಫೋನ್ ಮಾಡಿದಾಗ ಕುಕ್ಕರ್ ಇಟ್ಟೇನಿ ಆಮ್ಯಾಲ ಮಾತಾಡ್ತೀನಿ ಅಂದುಬಿಟ್ಟಿದ್ದೆ, ಅದ ಅದ ನೆನಪಾಗೋದು. ಹಾಲ್‌ನ್ಯಾಗ ಸಣ್ಣ ಲೈಟ್ ಹಚ್ಚಿ ಕಡ್ಡಿ ಹಿಡದು ಕೂತ್ರ 44 ಕುಣಿಕಿ ಎಣಸೋತನಕ ಬ್ಯಾರೆ ಏನೂ ತಲ್ಯಾಗ ಬರ್ತಿದ್ದಿಲ್ಲ. ತಪ್ಪಿದ್ರ ಬಿಚ್ಚೋದು, ಮತ್ತ ಎಣಸೋದು. ಬೆಳಗಾಗಿಬಿಡ್ತಿತ್ತು.

ಆದ್ರ ಅವ್ವನ ತೋಳಿಗೆ ಸೀದಾ ಕೈ ಹಚ್ಚಲಿಲ್ಲ, ಮೊದಲು ಬ್ಯಾರೆ ಉಲ್ಲನ್‌ನ್ಯಾಗ ತುಣುಕು ಹಾಕಿ ಅಳದು ನೋಡಿದೆ. ಅಕಿ ಹೆಣಿಕಿಯೊಳಗ 10 ಸೆಂಟಿಮೀಟರಿಗೆ 24 ಕುಣಿಕಿ, ನನ್ನದರೊಳಗ 28. ಅಷ್ಟು ಬಿಗಿ ಹಿಡೀತಿದ್ದೆ. ಅಕಿದು 10 ನಂಬರ್ ಕಡ್ಡಿ, ಅಂದ್ರ 3.25 ಮಿಲಿಮೀಟರ್. ಈ ಹಳೇ ಲೆಕ್ಕದಾಗ ನಂಬರ್ ಹೆಚ್ಚಾದಂಗ ಕಡ್ಡಿ ಸಣ್ಣ ಆಗ್ತದ, ಹಂಗಂತ ಕುಣಿಕಿ ಸಡಿಲ ಬರಲಿ ಅಂತ ದಪ್ಪನ್ನ 9 ನಂಬರ್ ತಗೊಂಡು ತುಣುಕು ಹೆಣದೆ. ಎರಡು ತಿಂಗಳ ಮ್ಯಾಲ ಮತ್ತ ಅಳದ್ರ ಆ ದಪ್ಪ ಕಡ್ಡಿ ಬೇಕಾಗಲೇ ಇಲ್ಲ, ಅವ್ವನ 10 ನಂಬರಿನ್ಯಾಗನ 24 ಬಂತು. ಕೈ ತಾನ ಸಡಿಲ ಆಗಿತ್ತು. ಅವತ್ತು ಭಾಳ ಅತ್ತೆ, ಆದ್ರ ಅದು ಬ್ಯಾರೆ ಥರದ ಅಳು.

ಉಲ್ಲನ್ ಮಾತ್ರ ಸಾಲಲಿಲ್ಲ. ಬಣ್ಣ ನಮ್ಮ ಕಡೆ ಸೀರಿ ಅಂಗಡ್ಯಾಗ ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಅಂತಾರಲ್ಲ, ಆ ತಿಳಿ ಗುಲಾಬಿ. ಪುಣೆದ ತುಳಶೀಬಾಗ ಪ್ಯಾಟಿ ಪೂರ್ತಿ ತಿರಗಿದೆ, ಸಿಗಲಿಲ್ಲ. ಸಿಪ್ಪಿ ಬಣ್ಣ ಸಿಪ್ಪಿಯಿಂದನ ಬರ್ತದ ಅಂತ ಮಂಡಯಿ ಅಂತ ಕಾಯಿಪಲ್ಯೆ ಮಾರ್ಕೆಟ್ಟಿನ್ಯಾಗ ಉಳ್ಳಾಗಡ್ಡಿ ಮಾರೋ ಮಾವಶೀ ಹತ್ರ ಎರಡು ಚೀಲ ಸಿಪ್ಪಿ ಕೇಳಿ ತಂದು ಕುದಿಸಿ, ಬಿಳೇ ನೂಲಿನ ಲಡಿ ಮುಳಗಿಸಿದೆ. ತೊಳದ್ರ ಬಣ್ಣೆಲ್ಲಾ ನೀರಿಗೆ ಹೋತು! ಅಂಗಡಿಯವ್ರು ಉಣ್ಣಿ ಅಂತ ಹೇಳಿ ಕೊಟ್ಟದ್ದು ಅಕ್ರಿಲಿಕ್, ಅಂದ್ರ ಕೃತಕ ನೂಲು, ಅದಕ್ಕ ಸಿಪ್ಪಿ ಬಣ್ಣ ಹಿಡಿಯೂದಿಲ್ಲ. ಒಂದು ಎಳಿ ಸುಟ್ಟು ನೋಡ್ರಿ, ಉಣ್ಣಿ ಆದ್ರ ಕೂದಲಾ ಸುಟ್ಟ ವಾಸನಿ ಬರ್ತದ, ಬೂದಿ ಬೆರಳಾಗ ಪುಡಿ ಆಗ್ತದ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗ್ತದ. ಅವ್ವನ ಉಲ್ಲನ್ ಖರೇ ಉಣ್ಣಿ ಇತ್ತು.

ಎರಡನೇ ಸಲ ಖರೇ ಉಣ್ಣಿ ತಗೊಂಡೆ. ಈ ಸಲ ಬಣ್ಣ ಹಿಡೀತು, ಆದ್ರ ಗುಲಾಬಿ ಅಲ್ಲ, ಸಾಸಿವಿ ಹಳದಿಗೆ ಕಂದು ಬೆರತಂಗ! ಮ್ಯಾಲಿಂದ ಬಿಸಿ ಲಡಿ ಮ್ಯಾಲ ನಳದ ತಣ್ಣೀರು ಬಿಟ್ಟು ತಿಕ್ಕಿದೆ, ಎಳಿ ಎಲ್ಲಾ ಒಂದಕ್ಕೊಂದು ಹತ್ಕೊಂಡು ಕಂಬಳಿ ಆತು. ಉಣ್ಣಿಗೆ ಬಿಸಿ ತಡೀತದ, ಒಮ್ಮಿಗೇ ಬಿಸಿಯಿಂದ ತಣ್ಣಗ ಮಾಡೋದು ಮತ್ತ ತಿಕ್ಕೋದು ತಡಿಯೂದಿಲ್ಲ.

ಗುಲಾಬಿ ಕೊನಿಗೆ ಮಂಜಿಷ್ಠದಾಗ ಸಿಕ್ತು, ಆಯುರ್ವೇದ ಅಂಗಡ್ಯಾಗ ಒಣ ಬೇರು ಸಿಗ್ತದ. ನಾ ಮಾಡೋದು ಹಿಂಗ. ಬಣ್ಣ ಗಟ್ಟಿ ಹಿಡೀಲಿ ಅಂತ ಮೊದಲು 100 ಗ್ರಾಂ ಉಣ್ಣಿಗೆ 12 ಗ್ರಾಂ ಪಟಿಕ, ಇಲ್ಲೆ ಮರಾಠಿಯೊಳಗ ತುರಟಿ ಅಂತಾರ. ಅದನ್ನ ಬಿಸಿ ನೀರಾಗ ಕರಗಿಸಿ, ನೆನದ ಲಡಿ ಹಾಕಿ, ಸಣ್ಣ ಉರಿಮ್ಯಾಲ ಒಂದು ತಾಸು, ಕುದೀಲಿಕ್ಕೆ ಬಿಡೂದಿಲ್ಲ, ಹಬಿ ಏಳಬೇಕು ಅಷ್ಟ, ಆಮ್ಯಾಲ ಅದ ಬೋಗುಣಿಯೊಳಗ ಮುಂಜಾನಿತನಕ ತಣ್ಣಗ ಆಗಲಿಕ್ಕೆ ಬಿಡ್ತೀನಿ. ಬೇರು ರಾತ್ರಿ ನೆನಸಿಟ್ಟು, ಕಾಸಿ, ಸೋಸಿ, ಆ ನೀರಾಗ ಮತ್ತ ಒಂದು ತಾಸು. ಅಡಗಿಗೆ ಬಳಸೋ ಬೋಗುಣಿ ಮಾತ್ರ ಇದಕ್ಕ ಮುಟ್ಟಬ್ಯಾಡ್ರಿ, ಬ್ಯಾರೆ ಒಂದು ಸ್ಟೀಲಿಂದು ಇಡ್ರಿ.

ಮೊದಲನೇ ಲಡಿ ಇಟ್ಟಂಗಿ ಕೆಂಪು ಬಂತು. ಅದ ನೀರಾಗ ಎರಡನೇದು ಹಾಕಿದೆ, ತಿಳಿ ಆತು. ಮೂರನೇದು ಹಾಕಿ ಮುಂಜಾನಿ ಮುಚ್ಚಳ ತಗದ್ರ ನೀರು ಬಹುತೇಕ ಬರೇ ನೀರಿನಂಗ ಆಗಿತ್ತು, ಲಡಿ ಕೈಯಾಗ ಎತ್ತಿ ಹಿಂಡಿ ಕಿಡಕಿ ಹತ್ರ ಹಿಡದೆ, ಅವ್ವನ ಬಣ್ಣ. ಪೂರ್ತಿ ಅಲ್ಲ, ಒಂದು ಎಳಿಯಷ್ಟು ಕೇಸರಿ ಕಡಿಗೆ ಜಗ್ತಿತ್ತು, ಆದ್ರ ಅಕ್ಕಪಕ್ಕ ಇಟ್ರ ಅಕ್ಕ ತಂಗಿ ಥರ ಕಾಣ್ತಿದ್ದುವು.

ತೋಳು ಮುಗಿಸಿದೆ. ಮೊಣಕೈ ಹತ್ರ ಬಣ್ಣ ಬದಲಾಗೋ ಗೆರಿ ಕಾಣ್ತದ, ಅದನ್ನ ಮುಚ್ಚಲಿಕ್ಕೆ ಹೋಗಲಿಲ್ಲ. ಮಗ ಅಷ್ಟರಾಗ ದೊಡ್ಡಾವ ಆಗಿದ್ದ, ಹೋದ ಡಿಸೆಂಬರಿನ್ಯಾಗ ಅಕ್ಕನ ಸಣ್ಣ ಮಗಳು ಹಾಕ್ಕೊಂಡ್ಲು, ಆ ಗೆರಿ ಮ್ಯಾಲ ಬೆರಳಾಡಿಸಿ ಮೌಶಿ ಇಲ್ಲಿಂದ ನಿಂದಾ ಅಂತ ಕೇಳಿದ್ಲು. ಹೌದವ್ವಾ ಅಂದೆ. ಈಗ ಬಾಲ್ಕನಿಯೊಳಗ ನೆಳ್ಳಿಗೆ ದಸರಾ ತೋರಣದ ಚೆಂಡು ಹೂವು ಒಣಗಲಿಕ್ಕೆ ಹಾಕೇನಿ, ಅಕಿಗೆ ಹಳದಿ ಟೊಪಗಿ ಬೇಕಂತ.