ಎರಡನೇ ಕಾಯೆದಾಮಾದಲ್ಲೂ ರುಚಿ ಉಳಿಸಿದ್ದು: ನನ್ನ ಅನುಭವ

ಹಕಾತಾ ರಾಮೆನ್ ಅಂದರೆ ಜಪಾನಿನ ಫುಕುವೋಕಾದ, ಹಂದಿ ಎಲುಬಿನ ಬಿಳಿ ಸೂಪಿನಲ್ಲಿ ಬರುವ ತೆಳು ನೂಡಲ್ಸ್. ಅದನ್ನು ತಿನ್ನುವವರಲ್ಲಿ ಒಂದು ಮಾತು ಬೇರೂರಿದೆ: ಮೊದಲ ಬಟ್ಟಲು ಚಿನ್ನ, ಮೊದಲ ಕಾಯೆದಾಮಾ (ಉಳಿದ ಸೂಪಿಗೆ ಮತ್ತೆ ಹಾಕಿಸಿಕೊಳ್ಳುವ ನೂಡಲ್ಸ್) ಪರವಾಗಿಲ್ಲ, ಎರಡನೆಯದು ಬರೀ ನೀರು. ಫುಕುವೋಕಾದ ನಮ್ಮ ಕನ್ನಡದ ಬಳಗದವರೂ ಇದನ್ನೇ ಹೇಳುತ್ತಿದ್ದರು, ಎರಡನೇ ಸಲ ನೂಡಲ್ಸ್ ಹಾಕಿಸಿಕೊಳ್ಳುವುದು ದುಡ್ಡು ದಂಡ ಅಂತ. ದಂಡ ಅಲ್ಲ. ರಾತ್ರಿ ಹನ್ನೊಂದರ ಮೇಲೂ ತೆರೆದಿರುವ, ಎಂಟು-ಹತ್ತು ಸ್ಟೂಲಿನ ಅಂಗಡಿಗಳಲ್ಲೇ ಸುಮಾರು ಒಂದೂವರೆ ವರ್ಷ ತಿಂದು, ಕೆಡಿಸಿ, ಮತ್ತೆ ತಿಂದು ದಾರಿ ಕಂಡುಕೊಂಡಿದ್ದೇನೆ. ಈಗ ಮೂರನೇ ಸುತ್ತಿನ ಕೊನೆಯ ತುತ್ತಿನವರೆಗೂ ರುಚಿ ಗಟ್ಟಿಯಾಗಿ ನಿಲ್ಲುತ್ತದೆ.

ಸೂಪ್ ನೀರಾಗುವುದಕ್ಕೆ ಅಂಗಡಿಯವರು ಕಾರಣವಲ್ಲ, ನಾವು. ಬಟ್ಟಲಿನಲ್ಲಿ ಇರುವುದೇ ಸುಮಾರು 300 ಮಿಲಿಲೀಟರ್. ಮೊದಲ ನೂಡಲ್ಸ್ ಜೊತೆ ಅದರಲ್ಲಿ ಕಾಲು ಭಾಗ ಹೊಟ್ಟೆಗೆ ಹೋಗುತ್ತದೆ, ನಡುನಡುವೆ ಚಮಚದಲ್ಲಿ ಕುಡಿದರೆ ಅರ್ಧವೇ ಖಾಲಿ. ಮೇಲೆ ಕಾಯೆದಾಮಾ ಬರುವಾಗ ಕುದಿನೀರನ್ನು ಹೊತ್ತು ತರುತ್ತದೆ. ಮನೆಯಲ್ಲಿ 100 ಗ್ರಾಂ ತೆಳು ನೂಡಲ್ಸ್ ಬೇಯಿಸಿ ತೂಗಿದೆ. ಚೆನ್ನಾಗಿ ಜಾಡಿಸಿದ್ದಕ್ಕೂ ಹಾಗೇ ಎತ್ತಿ ಹಾಕಿದ್ದಕ್ಕೂ 15-20 ಗ್ರಾಂ ವ್ಯತ್ಯಾಸ, ಅಷ್ಟೂ ನೀರು. ಎರಡು ಸಲ ಹಾಕಿಸಿಕೊಂಡರೆ ಉಳಿದ ಅರ್ಧ ಬಟ್ಟಲಿಗೆ ಎರಡರಿಂದ ಮೂರು ದೊಡ್ಡ ಚಮಚ ನೀರು ಬೆರೆಸಿದ ಹಾಗೆ.

ತಡರಾತ್ರಿಯ ತೊಂದರೆಯೇ ಬೇರೆ. ಹಗಲೆಲ್ಲ ನೂಡಲ್ಸ್ ಬೇಯಿಸಿದ ನೀರು ಆ ಹೊತ್ತಿಗೆ ಗಂಜಿಯ ಹಾಗೆ ಕದಡಿರುತ್ತದೆ. ಕೆಲವರು ನಡುವೆ ನೀರು ಬದಲಿಸುತ್ತಾರೆ, ಸಣ್ಣ ಅಂಗಡಿಯಲ್ಲಿ ಹನ್ನೆರಡರ ಮೇಲೆ ಯಾರೂ ಬದಲಿಸುವುದನ್ನು ನಾನು ಕಂಡಿಲ್ಲ. ಆ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ ತೆಗೆದ ಹರಿಗಾನೆ (ತಂತಿಯಷ್ಟು ಗಟ್ಟಿ ನೂಡಲ್ಸ್) ಹಸಿ ಹಿಟ್ಟಿನ ವಾಸನೆ ಹೊಡೆಯುತ್ತದೆ, ಮೈಮೇಲಿನ ಲೋಳೆ ಸೂಪಿಗೆ ಇಳಿಯುತ್ತದೆ. ಬರಿಕತಾ (ಹರಿಗಾನೆಗಿಂತ ತುಸು ಮೆತ್ತಗೆ, ಆದರೂ ಬಲು ಗಟ್ಟಿ) ಕೇಳುವುದೇ ಗಟ್ಟಿತನ ಅಂದುಕೊಂಡವರು ರಾತ್ರಿ ಒಂದು ಗಂಟೆಗೆ ಕೆಡುವುದು ಇಲ್ಲೇ. ನಾನೂ ಮೊದಲ ಆರು ತಿಂಗಳು ಬರಿಕತಾ ಹಿಡಿದೇ ಕೂತಿದ್ದೆ. ಈಗ ಹಗಲಲ್ಲಿ ಬರಿಕತಾ, ರಾತ್ರಿ ಮೂರೂ ಸುತ್ತು ಕತಾ, ಅಂದರೆ ಬರೀ ಗಟ್ಟಿ. ಅರ್ಧ ನಿಮಿಷದ ಆಸುಪಾಸು ಬೆಂದರೆ ಒಳಗಿನ ಹಸಿ ಹೋಗುತ್ತದೆ, ಹಲ್ಲಿಗೆ ಕಚ್ಚುವ ಗುಣ ಉಳಿಯುತ್ತದೆ. ಹಕಾತಾ ನೂಡಲ್ಸಿನ ಹಿಟ್ಟಿಗೆ ನೂರಕ್ಕೆ 26-28 ಪಾಲು ನೀರು ಮಾತ್ರ ಹಾಕಿ ಕಲಸಿರುತ್ತಾರೆ, ಸೂಪಿಗೆ ಬಿದ್ದೊಡನೆ ಹೀರಲು ಶುರು. ಆದ್ದರಿಂದ ಬಟ್ಟಲು ಬಂದ ಮೇಲೆ ಫೋಟೋ ತೆಗೆಯುತ್ತ ಕೂರುವ ಹಾಗಿಲ್ಲ.

ಈಗ ತಿನ್ನುವ ಕ್ರಮ. ಮೊದಲು ಸೂಪ್ ಎರಡು ಚಮಚ, ಆಮೇಲೆ ಚಮಚ ಪಕ್ಕಕ್ಕೆ. ನೂಡಲ್ಸನ್ನು ಬಟ್ಟಲಿನ ಮೇಲಕ್ಕೆ ಎತ್ತಿ, ಒಂದು ಕ್ಷಣ ಸೂಪ್ ಇಳಿಯಲು ಬಿಟ್ಟು, ಸೊರ್ರನೆ ಎಳೆಯಬೇಕು. ಮುದ್ದೆ ನುಂಗಿ ಬೆಳೆದವರಿಗೆ ಇದು ಸುಲಭ, ಜಗಿಯುತ್ತ ಕೂತರೆ ನೂಡಲ್ಸು, ಸೂಪು ಎರಡೂ ಕೆಡುತ್ತವೆ. ಮೂರು ನಿಮಿಷದಲ್ಲಿ ಮುಗಿಯಬೇಕು. ಬಟ್ಟಲಿನಲ್ಲಿ ಎರಡು ತುತ್ತು ಉಳಿದಾಗಲೇ ‘ಕಾಯೆದಾಮಾ, ಕತಾ ದೆ’ ಎಂದು ಕೂಗಿ. ಪೂರ್ತಿ ಮುಗಿಸಿ ಕೇಳಿದರೆ ಒಂದು ನಿಮಿಷ ಕಾಯುವಷ್ಟರಲ್ಲಿ ಸೂಪಿನ ಮೇಲೆ ಕೆನೆ ಕಟ್ಟತೊಡಗುತ್ತದೆ. ಆ ಕೆನೆ ನಾಲಿಗೆಗೆ ಅಂಟುತ್ತದೆ.

ಮೊದಲ ಕಾಯೆದಾಮಾ ನೇರ ಬಟ್ಟಲಿಗೆ. ಎಲ್ಲರೂ ತಪ್ಪುವುದು ತಾರೆ (ಸೋಯಾದ ಉಪ್ಪು ಸಾಸ್) ಸುರಿಯುವುದರಲ್ಲಿ. ಮೇಜಿನ ಮೇಲಿನ ಪುಟ್ಟ ಕೆಟಲಿನಿಂದ ಸೂಪಿಗೆ ಸುರಿದರೆ ಸೂಪ್ ಉಪ್ಪಾಗುತ್ತದೆ, ನೂಡಲ್ಸ್ ಸಪ್ಪೆಯಾಗೇ ಉಳಿಯುತ್ತದೆ. ಸಾರಿನ ಮೇಲೆ ದಿಬ್ಬದ ಹಾಗೆ ನಿಂತ ನೂಡಲ್ಸಿನ ನೆತ್ತಿಗೇ ಒಂದು ಸುತ್ತು ಸುರಿಯಿರಿ, ಒಂದು ಟೀ ಚಮಚ ದಾಟದಂತೆ. ಆಮೇಲೆ ಅಡಿಯಿಂದ ಮಗುಚಿ. ನೀರಿನ ಪದರ ಇರುವುದು ನೂಡಲ್ಸಿನ ಮೈಮೇಲೆ, ಉಪ್ಪು ಬೀಳಬೇಕಾದದ್ದೂ ಅಲ್ಲೇ.

ಎರಡನೆಯದನ್ನು ಬಟ್ಟಲಿಗೆ ಹಾಕಿಸಬಾರದು. ‘ಬೆತ್ಸುಜಾರಾ ದೆ’, ಅಂದರೆ ಬೇರೆ ತಟ್ಟೆಯಲ್ಲಿ ಎಂದು ಕೇಳಿ. ನನ್ನ ವಿಧಾನದ ಜೀವ ಇದೇ. ತಟ್ಟೆಯಲ್ಲಿ ಅರ್ಧ ಚಮಚ ತಾರೆ, ಎರಡು ಚಿಟಿಕೆ ಪುಡಿ ಮಾಡಿದ ಎಳ್ಳು, ಚೂರು ಖಾರದ ತಕಾನಾ (ಉಪ್ಪಿನಕಾಯಿ ಹಾಕಿದ ಸಾಸಿವೆ ಜಾತಿಯ ಸೊಪ್ಪು) ಹಾಕಿ ಕಲಸಿ, ಅರ್ಧ ಹಾಗೇ ತಿನ್ನುವುದು, ಇನ್ನರ್ಧ ಸೂಪಿಗೆ ಅದ್ದಿ ಅದ್ದಿ ತಿನ್ನುವುದು. ತಟ್ಟೆಯ ತಳದಲ್ಲಿ ಇಳಿದ ನೀರು ತಟ್ಟೆಯಲ್ಲೇ ಉಳಿಯುತ್ತದೆ, ಸೂಪ್ ಸೇರುವುದಿಲ್ಲ. ಎಳ್ಳಿನ ಜೊತೆ ನಾನು ಇನ್ನೊಂದನ್ನು ನಾಲ್ಕು ಹನಿ ಸೇರಿಸುತ್ತೇನೆ. ಅದೂ ಮೇಜಿನ ಮೇಲೆಯೇ ಇರುತ್ತದೆ, ಯಾವುದೆಂದು ಹೇಳುವುದಿಲ್ಲ. ಎರಡನೆಯದು ನೀರು ಎಂದು ವಾದಿಸುತ್ತಿದ್ದ ಇಬ್ಬರು ಈ ಕ್ರಮದಲ್ಲಿ ತಿಂದ ರಾತ್ರಿ ಮೂರನೆಯದನ್ನೂ ಹಾಕಿಸಿಕೊಂಡರು.

ತಕಾನಾವನ್ನು ಮೊದಲ ಬಟ್ಟಲಿಗೆ ಹಾಕಿ ಕೆಡಿಸಿದ್ದೂ ಇದೆ. ಖಾರ ಸೂಪಿಗೆ ಇಳಿದರೆ ಎಲುಬಿನ ರುಚಿ ಮುಚ್ಚಿಹೋಗುತ್ತದೆ, ಸೂಪ್ ರುಚಿ ನೋಡದೆ ಸೊಪ್ಪು ಹಾಕುವುದು ಕೆಲವು ಅಂಗಡಿಯವರಿಗೆ ಹಿಡಿಸುವುದೂ ಇಲ್ಲ. ಬೆಳ್ಳುಳ್ಳಿ ಹಿಂಡುವುದಿದ್ದರೆ ಕೊನೆಯ ಅದ್ದುವ ಸೂಪಿಗೆ ಒಂದೇ ಎಸಳು. ಕೆಂಪು ಶುಂಠಿ ಸೂಪಿಗೆ ಬೇಡ, ಹುಳಿ ಮತ್ತು ಬಣ್ಣ ಎರಡೂ ಬಿಡುತ್ತದೆ. ಬಾಯಿ ಜಿಡ್ಡಾದಾಗ ನಂಚಿಕೊಳ್ಳಲು ಅದು ಸರಿ, ಉಪ್ಪಿನಕಾಯಿಯ ಹಾಗೆ.

ಇದೇ ಹುಚ್ಚಿನಲ್ಲಿ ಬೆಂಗಳೂರಿನಲ್ಲಿ ಕುರಿಯ ಎಲುಬಿಟ್ಟು ಅಂಥದ್ದೇ ಬಿಳಿ ಸೂಪ್ ಬರುತ್ತದಾ ಎಂದು ನೋಡಿದೆ. ಕಾಲು ಸೂಪಿನ ಹಾಗೆ ಸಣ್ಣ ಉರಿಯಲ್ಲಿಟ್ಟರೆ ತಿಳಿಯಾಗೇ ಉಳಿಯಿತು. ಜೋರು ಉರಿಯಲ್ಲಿ, ನೀರು ಸೇರಿಸುತ್ತ ಹತ್ತು ಗಂಟೆ ಕೊತಕೊತ ಕುದಿಸಿದಾಗ ಕೊಬ್ಬು ಒಡೆದು ಹಾಲಿನ ಬಣ್ಣ ಬಂತು. ಗ್ಯಾಸ್ ಖರ್ಚು ನೋಡಿ ಎರಡನೇ ಸಲ ಮಾಡಲಿಲ್ಲ. ನೂಡಲ್ಸ್ ಬದಲು ಸಣ್ಣ ಸ್ಪಗೆಟಿಯನ್ನು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿದೆ, ಎರಡು ಲೀಟರಿಗೆ ಒಂದು ದೊಡ್ಡ ಚಮಚ. ಬಣ್ಣ ಹಳದಿಗೆ ತಿರುಗಿತು, ಎಳೆತವೂ ಬಂತು. ಚಮಚ ಹೆಚ್ಚಾದರೆ ಸಾಬೂನಿನ ರುಚಿ.

ದುಡ್ಡಿನ ಮಾತು. ನಾನು ಹೋಗುವ ಕಡೆ ಬಟ್ಟಲು 750-850 ಯೆನ್, ಕಾಯೆದಾಮಾ 100-150. ಮೂರು ಸುತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ, ಟೋಕಿಯೋದಲ್ಲಿ ಅಷ್ಟಕ್ಕೆ ಒಂದೇ ಬಟ್ಟಲು ಬರುವುದುಂಟು. ಹೆಚ್ಚು ಕಳೆದುಕೊಂಡಿದ್ದು ಅಂಗಡಿಯಲ್ಲಿ ಊಟದ ಚೀಟಿ ಕೊಡುವ ಟಿಕೆಟ್ ಯಂತ್ರದ ಮುಂದೆ. 2024ರ ಜುಲೈ 3ರಂದು ಹೊಸ ನೋಟು ಬಂದ ಮೇಲೆ ಹಳೆಯ ಯಂತ್ರಗಳು ಹೊಸ ಸಾವಿರವನ್ನು ಉಗುಳತೊಡಗಿದವು, 2021ರ ಹೊಸ 500ರ ನಾಣ್ಯವೂ ಕೆಲವು ಕಡೆ ಹೋಗುವುದಿಲ್ಲ. ಹಳೆಯ ಸಾವಿರದ ನೋಟು ಒಂದು, 100ರ ನಾಣ್ಯ ನಾಲ್ಕು ಜೇಬಿನಲ್ಲಿರಲಿ. ಕಾಯೆದಾಮಾ ಟಿಕೆಟ್ ಮೊದಲೇ ಕೊಳ್ಳಬೇಡಿ, ಮಿಕ್ಕರೆ ಮಾರನೇ ದಿನ ನಡೆಯದೇ ಹೋಗಬಹುದು. ನನ್ನ ಬಳಿ ಹೀಗೆ ಮಿಕ್ಕ ಏಳೆಂಟು ಚೀಟಿಗಳಿವೆ. ನಾಣ್ಯವನ್ನು ಕೌಂಟರಿನ ಮೇಲಿಟ್ಟು ಕೇಳಬಹುದಾದ ಅಂಗಡಿಯೇ ಮೇಲು.

ಇನ್ನೊಂದು, ಬಾಗಿಲು ಹಾಕುವ ಹೊತ್ತು. ಎರಡು ಗಂಟೆಗೆ ಮುಚ್ಚುವ ಅಂಗಡಿಯಲ್ಲಿ ಒಂದೂವರೆಗೇ ಒಲೆ ಸಣ್ಣ ಮಾಡುತ್ತಾರೆ. ಕುದಿ ಇಳಿದ ನೀರಿನಲ್ಲಿ ಕತಾ ಕೇಳಿದರೂ ಅಂಟುವ ಮುದ್ದೆಯೇ ಬರುತ್ತದೆ. ಹಂಡೆಯಿಂದ ಹಬೆ ಏಳುತ್ತಿದೆಯಾ ನೋಡಿಕೊಂಡು ಸ್ಟೂಲ್ ಹಿಡಿಯಿರಿ.